ಮಾನಸಿಕ ಚೇತರಿಕೆ: ಮೂಲನಿವಾಸಿ ಪರಂಪರೆ ಮತ್ತು ಸಮಾನಾನುಭವಿಗಳ ಬೆಂಬಲ

1884ರಲ್ಲಿ ಕೆನಡಾದ ಸಂಸತ್ತು ಊರೂಟವೊಂದನ್ನು ಅಪರಾಧವೆಂದು ಸಾರಿತು. ಪೆಸಿಫಿಕ್ ಕರಾವಳಿಯ ಮೂಲನಿವಾಸಿಗಳು ಹೆಸರಿಡುವಾಗ, ಮದುವೆ ಮಾಡುವಾಗ, ಸತ್ತವರನ್ನು ಕಳಿಸಿಕೊಡುವಾಗ ಊರವರನ್ನೆಲ್ಲ ಕರೆದು ಉಣಿಸಿ, ಕೂಡಿಟ್ಟದ್ದನ್ನು ಹಂಚಿ, ಹಾಡಿ ಕುಣಿಯುತ್ತಿದ್ದರು. ಪಾಟ್‌ಲ್ಯಾಚ್ ಎಂಬ ಈ ಆಚರಣೆ ನಡೆಸಿದವರಿಗೂ ಪ್ರೋತ್ಸಾಹಿಸಿದವರಿಗೂ ಜೈಲು ಎಂದಿತು ಕಾನೂನು. ಆ ನಿಷೇಧವನ್ನು ಕೈಬಿಟ್ಟದ್ದು 1951ರಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನವೂ 1883ರ ನಿಯಮಾವಳಿಯಲ್ಲಿ ಬುಡಕಟ್ಟುಗಳ ಧಾರ್ಮಿಕ ಕುಣಿತಗಳನ್ನೂ ಸಾಂಪ್ರದಾಯಿಕ ವೈದ್ಯರ ಕೆಲಸವನ್ನೂ ಶಿಕ್ಷೆಗೆ ಗುರಿಮಾಡಿತ್ತು. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ಜ್ಞಾನಿಗಳೂ ವೈದ್ಯರೂ ಆದ ತೊಹುಂಗಾಗಳನ್ನು ಹತ್ತಿಕ್ಕಲೆಂದೇ 1907ರಲ್ಲಿ ಕಾಯ್ದೆ ಬಂತು. ಅದು ರದ್ದಾದದ್ದು 1962ರಲ್ಲಿ.

ಇವೇ ದೇಶಗಳ ಮಾನಸಿಕ ಆರೋಗ್ಯ ಸೇವೆಗಳಲ್ಲಿ ಇಂದು ಸಮುದಾಯದ ಹಿರಿಯರು ಸಂಬಳದ ಹುದ್ದೆಯಲ್ಲಿದ್ದಾರೆ. ವ್ಯಸನ ಚಿಕಿತ್ಸಾ ಕೇಂದ್ರಗಳ ಅಂಗಳದಲ್ಲಿ ಬಿಸಿ ಹಬೆಯಲ್ಲಿ ಕೂತು ಪ್ರಾರ್ಥಿಸುವ ಬೆವರುಗುಡಿಸಲುಗಳಿವೆ, ಆಪ್ತಸಮಾಲೋಚನೆ ಪ್ರಾರ್ಥನೆಯಿಂದ ಶುರುವಾಗುತ್ತದೆ. ಹಿಂದೆ ಕುಡಿತಕ್ಕೆ ಬಿದ್ದಿದ್ದವರು, ಆಸ್ಪತ್ರೆಯ ಬೀಗ ಹಾಕಿದ ವಾರ್ಡಿನಲ್ಲಿ ದಿನ ಕಳೆದವರು ಈಗ ಅದೇ ಕಷ್ಟದಲ್ಲಿರುವ ಇನ್ನೊಬ್ಬರ ಜೊತೆ ಕೂರುತ್ತಾರೆ. ಈ ಕೊನೆಯ ಕೆಲಸಕ್ಕೆ ಸಮಾನಾನುಭವಿಗಳ ಬೆಂಬಲ ಎನ್ನಬಹುದು. ನಮ್ಮ ಆಸ್ಪತ್ರೆಗಳಲ್ಲಿ ‘ಪೀರ್ ಸಪೋರ್ಟ್’ ಎಂದೇ ಹೇಳುತ್ತಾರೆ. ಮೂಲನಿವಾಸಿ ಸಮುದಾಯಗಳಲ್ಲಿ ಈ ಬೆಂಬಲವೂ ಪರಂಪರೆಯ ಆಚರಣೆಗಳೂ ಒಂದರೊಳಗೊಂದು ಹೆಣೆದುಕೊಂಡೇ ಬೆಳೆದಿವೆ. ಅದಕ್ಕೊಂದು ಕಾರಣವಿದೆ. ನೆಲ, ಭಾಷೆ, ಬಂಧುಬಳಗ ಮೂರನ್ನೂ ಕಿತ್ತುಕೊಂಡ ಇತಿಹಾಸವೇ ಈ ಜನರ ಬಹುಪಾಲು ಮನೋವ್ಯಥೆಯ ಮೂಲ. ಹಾಗಾಗಿ ಒಬ್ಬರನ್ನು ಮಾತ್ರ ಕೋಣೆಯೊಳಗೆ ಕೂರಿಸಿ ಗುಣಪಡಿಸುವ ವಿಧಾನ ಅವರಿಗೆ ಎಂದೂ ಸಾಕಾಗಲಿಲ್ಲ.

ಈ ಬಗೆಯ ಚೇತರಿಕೆ ಇತ್ತೀಚಿನದೇನಲ್ಲ. 1799ರಲ್ಲಿ, ಇಂದಿನ ಪೆನ್ಸಿಲ್ವೇನಿಯ–ನ್ಯೂಯಾರ್ಕ್ ಗಡಿಯ ಅಲೆಗೆನಿ ನದಿ ದಂಡೆಯ ಸೆನೆಕಾ ಹಳ್ಳಿಯೊಂದರಲ್ಲಿ ಹ್ಯಾಂಡ್‌ಸಮ್ ಲೇಕ್ ಎಂಬ ಹಿರಿಯರು ಮಿತಿಮೀರಿದ ಕುಡಿತದಿಂದ ಹಾಸಿಗೆ ಹಿಡಿದಿದ್ದರು. ಆ ಜೂನಿನಲ್ಲಿ ಅವರಿಗೆ ದರ್ಶನಗಳಾದವು. ಎದ್ದು ಕುಳಿತವರು ಮದ್ಯ ಬಿಡಿ, ಹೆಂಡತಿ ಮಕ್ಕಳನ್ನು ಹೊಡೆಯಬೇಡಿ, ಹಳೆಯ ಹಬ್ಬಗಳನ್ನು ಉಳಿಸಿಕೊಳ್ಳಿ ಎಂದು ಊರೂರಿಗೆ ಸಾರಿದರು. ಯುದ್ಧದಲ್ಲಿ ನೆಲ ಕಳೆದುಕೊಂಡು ಕಂಗೆಟ್ಟಿದ್ದ ಜನಕ್ಕೆ ಬುದ್ಧಿ ಹೇಳಿದ್ದು ಹೊರಗಿನ ಪಾದ್ರಿಯಲ್ಲ, ಅದೇ ಕೆಸರಿನಿಂದ ಎದ್ದುಬಂದ ತಮ್ಮವರೇ ಒಬ್ಬರು. 1815ರಲ್ಲಿ ಅವರು ತೀರಿಕೊಂಡರೂ ಅವರ ಬೋಧೆಯನ್ನು ಸೆನೆಕಾ ಸೇರಿದಂತೆ ಇರೊಕ್ವಾ ಜನ ಉದ್ದಮನೆ ಎಂಬ ತಮ್ಮ ಸಭಾಮಂದಿರಗಳಲ್ಲಿ ಇಂದಿಗೂ ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಓಹಾಯೊದ ಆಕ್ರನ್ ನಗರದಲ್ಲಿ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಅಂದರೆ ಎಎ, ಕುಡಿತ ಬಿಡುವವರೇ ಒಬ್ಬರಿಗೊಬ್ಬರು ನೆರವಾಗುವ ಕೂಟ, ಹುಟ್ಟಿದ್ದು 1935ರಲ್ಲಿ, ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದ ನಂತರ.

ಇಪ್ಪತ್ತನೆಯ ಶತಮಾನದಲ್ಲಿ ಗಾಯ ಇನ್ನಷ್ಟು ಆಳವಾಯಿತು. ಕೆನಡಾದ ವಸತಿಶಾಲೆಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಎಳೆದೊಯ್ದು ಸೇರಿಸಲಾಯಿತು. ಕೂದಲು ಕತ್ತರಿಸಿದರು, ತಾಯ್ನುಡಿ ಆಡಿದರೆ ಹೊಡೆದರು. ಸಾವಿರಾರು ಮಕ್ಕಳು ಅಲ್ಲೇ ಸತ್ತರು. ಬದುಕಿ ಮರಳಿದವರಿಗೆ ಮಕ್ಕಳನ್ನು ಎತ್ತಿ ಆಡಿಸುವುದು ಹೇಗೆಂದೇ ತಿಳಿದಿರಲಿಲ್ಲ, ಏಕೆಂದರೆ ಅವರನ್ನು ಯಾರೂ ಎತ್ತಿ ಆಡಿಸಿರಲಿಲ್ಲ. ಆಸ್ಟ್ರೇಲಿಯದಲ್ಲಿ ತಾಯಂದಿರಿಂದ ಬಲವಂತವಾಗಿ ಬೇರ್ಪಡಿಸಿದ ಮಕ್ಕಳನ್ನು ‘ಕಳವಾದ ಪೀಳಿಗೆಗಳು’ ಎನ್ನುತ್ತಾರೆ. ಲಕೋಟಾ ಸಮುದಾಯದ ಸಮಾಜಕಾರ್ಯ ವಿದ್ವಾಂಸೆ ಮರಿಯಾ ಯೆಲ್ಲೊ ಹಾರ್ಸ್ ಬ್ರೇವ್ ಹಾರ್ಟ್ ಇಂಥ ಸಾಮೂಹಿಕ ನೋವನ್ನು ಐತಿಹಾಸಿಕ ಆಘಾತವೆಂದು ಕರೆದರು. ಅತ್ತು ಮುಗಿಸಲು ಬಿಡದ ದುಃಖ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ ಎಂಬುದು ಅವರ ವಾದ. ಶೋಕದ ಆಚರಣೆಗಳನ್ನೇ ನಿಷೇಧಿಸಿದ್ದ ನಾಡಿನಲ್ಲಿ ಈ ಮಾತನ್ನು ತಳ್ಳಿಹಾಕುವುದು ಕಷ್ಟ. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಬಳಿ ಅಮೆರಿಕದ ಸೇನೆ ಲಕೋಟಾ ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದಿತ್ತು. ಕೊಲೆಯಾದವರು ಅಲ್ಲಿಗೆ ಬಂದಿದ್ದ ದಾರಿಯಲ್ಲೇ 1986ರಿಂದ 1990ರವರೆಗೆ ಪ್ರತಿ ಚಳಿಗಾಲ ಲಕೋಟಾ ಸವಾರರು ಹಿಮಗಾಳಿಯಲ್ಲಿ ಕುದುರೆಗಳ ಮೇಲೆ ಸಾಗಿದರು. ನೂರನೆಯ ವರ್ಷದಲ್ಲಿ ಕಣ್ಣೀರು ಒರೆಸುವ ವಿಧಿ ನಡೆಸಿ ಶೋಕವನ್ನು ಮುಗಿಸಿದರು.

ಈ ಚರಿತ್ರೆಯಲ್ಲಿ ಅತಿ ಹೆಚ್ಚು ಹೇಳಿ ಕೇಳಿದ ಕತೆ ಕೆನಡಾದ ಬ್ರಿಟಿಷ್ ಕೊಲಂಬಿಯದ ಆಲ್ಕಲೈ ಲೇಕ್ ಎಂಬ ಹಳ್ಳಿಯದು. ಶುಸ್ವಾಪ್ ಜನರ ಈ ಊರಿನ ಈಗಿನ ಬಳಕೆಯ ಹೆಸರು ಎಸ್ಕೆಟ್. ಎಪ್ಪತ್ತರ ದಶಕದಲ್ಲಿ ಅಲ್ಲಿದ್ದವರು ಸುಮಾರು 400 ಮಂದಿ. 1970ರ ಹೊತ್ತಿಗೆ ಊರಿನ ದೊಡ್ಡವರಲ್ಲಿ ಕುಡಿಯದವರೇ ಇರಲಿಲ್ಲ ಎನ್ನುವಂಥ ಸ್ಥಿತಿ. ಸುತ್ತಲಿನವರು ಅದನ್ನು ‘ಆಲ್ಕೊಹಾಲ್ ಲೇಕ್’ ಎಂದು ಹಂಗಿಸುತ್ತಿದ್ದರು. 1972ರಲ್ಲಿ ಊರಿನ ಫಿಲಿಸ್ ಚೆಲ್ಸಿ ಎಂಬ ತಾಯಿ, ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದ ಮಕ್ಕಳನ್ನು ಕರೆತರಲು ಹೋದರು. ಏಳು ವರ್ಷದ ಮಗಳು ಬರಲು ಒಪ್ಪಲಿಲ್ಲ: ನೀವಿಬ್ಬರೂ ಕುಡಿಯುತ್ತೀರಿ, ನಾನು ಆ ಮನೆಗೆ ಬರುವುದಿಲ್ಲ. ಫಿಲಿಸ್ ಅಂದೇ ಕುಡಿತ ಬಿಟ್ಟರು. ಕೆಲವೇ ದಿನಗಳಲ್ಲಿ ಗಂಡ ಆ್ಯಂಡಿಯೂ ಬಿಟ್ಟರು. ಇಬ್ಬರೂ ವಸತಿಶಾಲೆಯಲ್ಲಿ ನೊಂದು ಬೆಳೆದವರೇ.

ಮೊದಮೊದಲು ಊರಿನಲ್ಲಿ ಕುಡಿಯದೆ ಇದ್ದವರು ಇವರಿಬ್ಬರೇ. ವಾರಕ್ಕೊಮ್ಮೆ ಎಎ ಮಾದರಿಯ ಸಭೆ ನಡೆಸಿದರೂ ಬರುವವರಿರಲಿಲ್ಲ. 1973ರಲ್ಲಿ ಆ್ಯಂಡಿ ಊರಿನ ಮುಖ್ಯಸ್ಥರಾದ ಮೇಲೆ ಕೆಲಸ ಬಿರುಸಾಯಿತು. ಹೊರಗಿನಿಂದ ಸಾರಾಯಿ ತರುತ್ತಿದ್ದ ಬಂಡಿಯನ್ನು ತಡೆದರು, ಕಳ್ಳ ಮಾರಾಟಗಾರರನ್ನು ಪೊಲೀಸರಿಗೆ ಹಿಡಿದುಕೊಟ್ಟರು. ಆ ಮಾರಾಟಗಾರರಲ್ಲಿ ಅವರ ಸ್ವಂತ ಬಂಧುಗಳೂ ಇದ್ದರು. ಸರ್ಕಾರದ ಸಹಾಯಧನವನ್ನು ನಗದಾಗಿ ಕೊಡುವ ಬದಲು ದಿನಸಿ ಮತ್ತು ಬಟ್ಟೆಯ ಚೀಟಿಯಾಗಿ ಕೊಟ್ಟರು. ಅಷ್ಟೇ ಮಾಡಿದ್ದರೆ ಅದು ಬರೀ ದಂಡನೆಯಾಗುತ್ತಿತ್ತು. ಯಾರಾದರೂ ಚಿಕಿತ್ಸೆಗೆ ಹೋಗಲು ಒಪ್ಪಿದರೆ ಅವರ ಮಕ್ಕಳನ್ನು ಊರವರು ನೋಡಿಕೊಳ್ಳುತ್ತಿದ್ದರು, ಅವರಿಲ್ಲದಾಗ ಮನೆಯನ್ನು ದುರಸ್ತಿ ಮಾಡಿ ಸುಣ್ಣಬಣ್ಣ ಬಳಿದಿಡುತ್ತಿದ್ದರು. ಮರಳಿ ಬಂದವರು ಕಾಲಿಟ್ಟದ್ದು ಬಿಟ್ಟುಹೋದ ಕೊಳಕಿಗಲ್ಲ. ಮೊದಲು ಬಿಟ್ಟವರು ಎರಡನೆಯವರ ಜೊತೆಗೆ, ಆ ಇಬ್ಬರು ಮೂರನೆಯವರ ಜೊತೆಗೆ ಕೂತರು. ಬೆವರುಗುಡಿಸಲು, ಡೋಲು, ಹಾಡುಗಳು ಊರಿಗೆ ಮರಳಿದವು. ಮರೆತುಹೋಗಿದ್ದ ಕೆಲವನ್ನು ಬೇರೆ ಬುಡಕಟ್ಟುಗಳ ಹಿರಿಯರಿಂದ ಕಲಿತರು.

ಎಂಬತ್ತರ ದಶಕದ ಮಧ್ಯಕ್ಕೆ ಊರಿನ ನೂರಕ್ಕೆ ತೊಂಬತ್ತೈದು ಮಂದಿ ಕುಡಿತ ಬಿಟ್ಟಿದ್ದರೆಂಬುದು ಸಮುದಾಯದ್ದೇ ಹೇಳಿಕೆ. ಹೊರಗಿನವರು ಎಣಿಸಿ ನೋಡಿದ ಲೆಕ್ಕ ಅದಲ್ಲ. ಲೆಕ್ಕ ಏನೇ ಇರಲಿ, ಬದಲಾವಣೆ ಎಂಥದೆಂಬುದು ನೋಡಲು ಬಂದವರ ಕಣ್ಣಿಗೆ ಬಿದ್ದಿತ್ತು. 1985ರಲ್ಲಿ ಊರವರೇ ತಮ್ಮ ತಮ್ಮ ಪಾತ್ರ ವಹಿಸಿ ‘ದ ಆನರ್ ಆಫ್ ಆಲ್’ ಎಂಬ ಚಿತ್ರದಲ್ಲಿ ನಟಿಸಿದರು. ಅದು ಉತ್ತರ ಅಮೆರಿಕದ ನೂರಾರು ಮೂಲನಿವಾಸಿ ಹಳ್ಳಿಗಳನ್ನು ಸುತ್ತಿತು. ಇಲ್ಲಿಗೆ ಕತೆ ಮುಗಿಯಲಿಲ್ಲ. ನಶೆ ಇಳಿದ ಮೇಲೆ ಅದು ಅಷ್ಟು ವರ್ಷ ಮುಚ್ಚಿಟ್ಟಿದ್ದ ನೋವು ಮೇಲೆದ್ದಿತು: ವಸತಿಶಾಲೆಯ ಲೈಂಗಿಕ ದೌರ್ಜನ್ಯ, ಅದು ಮನೆಗಳೊಳಗೆ ಮುಂದುವರಿದ ಬಗೆ. ಕುಡಿತ ಬಿಡಿಸಿದ್ದಕ್ಕಿಂತ ಕಷ್ಟದ ಕೆಲಸ ಊರಿಗೆ ಆಗಲೇ ಆರಂಭವಾದದ್ದು.

ಇಂಥ ಚೇತರಿಕೆಯ ಒಳಗಿನ ವಿಧಾನಗಳಲ್ಲಿ ಮಾತಿನ ವೃತ್ತ ಎಲ್ಲಕ್ಕಿಂತ ಸರಳವಾದದ್ದು. ಜನ ದುಂಡಗೆ ಕೂರುತ್ತಾರೆ. ಒಣಗಿದ ಸೇಜ್ ಎಲೆಯನ್ನೋ ಸೀಡರನ್ನೋ ಚಿಪ್ಪಿನಲ್ಲಿ ಹೊಗೆಯಾಡಿಸಿ, ಆ ಹೊಗೆಯನ್ನು ಅಂಗೈಯಿಂದ ತಲೆಗೆ, ಎದೆಗೆ ಎಳೆದುಕೊಳ್ಳುತ್ತಾರೆ. ಹದ್ದಿನ ಗರಿ, ಕಲ್ಲು ಅಥವಾ ಕೋಲು ಕೈಯಿಂದ ಕೈಗೆ ಸಾಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರದೇ ಮಾತು. ಮಧ್ಯೆ ಬಾಯಿ ಹಾಕುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ಸಲಹೆ ಕೊಡುವಂತಿಲ್ಲ. ಮಾತಾಡಲು ಆಗದವರು ಗರಿಯನ್ನು ಸುಮ್ಮನೆ ಹಿಡಿದು ಕೂತು ಮುಂದಕ್ಕೆ ದಾಟಿಸಬಹುದು. ನಡೆಸುವವರೂ ತಮ್ಮ ಸರದಿ ಬಂದಾಗ ತಮ್ಮ ನೋವನ್ನೇ ಹೇಳಬೇಕು. ವೈದ್ಯರ ಮೇಜಿನ ಆಚೆಬದಿ ಈಚೆಬದಿ ಎಂಬ ಭೇದಕ್ಕೆ ಇಲ್ಲಿ ಜಾಗವಿಲ್ಲ.

ಬೆವರುಗುಡಿಸಲು ಇದಕ್ಕಿಂತ ಕಠಿಣ. ಬಾಗಿಸಿದ ವಿಲೋ ಕೋಲುಗಳ ಚೌಕಟ್ಟಿಗೆ ಹಿಂದೆ ಚರ್ಮ, ಈಗ ಕಂಬಳಿ ಹೊದಿಸಿ ಒಳಗೆ ಕಗ್ಗತ್ತಲು ಮಾಡುತ್ತಾರೆ. ಹೊರಗೆ ಬೆಂಕಿಯಲ್ಲಿ ಕೆಂಪಗೆ ಕಾದ ಕಲ್ಲುಗಳನ್ನು ನಡುವಿನ ಕುಳಿಗೆ ತಂದಿಟ್ಟು ನೀರು ಸುರಿಯುತ್ತಾರೆ. ಸಾಮಾನ್ಯವಾಗಿ ನಾಲ್ಕು ಸುತ್ತು. ಸುತ್ತಿನ ನಡುವೆ ಬಾಗಿಲ ಹೊದಿಕೆ ಎತ್ತುತ್ತಾರೆ. ಬಿಸಿಯಲ್ಲಿ, ಕತ್ತಲಲ್ಲಿ, ಯಾರ ಮುಖವೂ ಕಾಣದೆಡೆಯಲ್ಲಿ ಒಬ್ಬೊಬ್ಬರೂ ತಮಗಾಗಿ, ತಮ್ಮವರಿಗಾಗಿ ಗಟ್ಟಿಯಾಗಿ ಬೇಡಿಕೊಳ್ಳುತ್ತಾರೆ. ಇದನ್ನು ನಡೆಸುವ ಅಧಿಕಾರ ವರ್ಷಗಟ್ಟಲೆ ಹಿರಿಯರ ಜೊತೆಗಿದ್ದು ಪಡೆಯಬೇಕಾದದ್ದು. ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದು 2009ರ ಅಕ್ಟೋಬರಿನಲ್ಲಿ ಅರಿಜೋನದ ಸೆಡೋನ ಬಳಿ ಕಂಡಿತು. ಮೂಲನಿವಾಸಿಯಲ್ಲದ ವ್ಯಕ್ತಿತ್ವ ವಿಕಸನ ಗುರುವೊಬ್ಬರು ಸಾವಿರಾರು ಡಾಲರ್ ಶುಲ್ಕ ಪಡೆದು ನಡೆಸಿದ ನಕಲು ಬೆವರುಗುಡಿಸಲಿನಲ್ಲಿ ಮೂವರು ಸತ್ತರು. ನ್ಯಾಯಾಲಯ ಆ ಗುರುವನ್ನು ನಿರ್ಲಕ್ಷ್ಯದಿಂದಾದ ಸಾವಿನ ಅಪರಾಧಿ ಎಂದಿತು.

ವೃತ್ತ ಮತ್ತು ಎಎ ಎರಡನ್ನೂ ಜೋಡಿಸಿದವರಲ್ಲಿ ಮೊಹಿಕನ್ ಸಮುದಾಯದ ಡಾನ್ ಕಾಯ್ಹಿಸ್ ಹೆಸರು ದೊಡ್ಡದು. 1988ರಲ್ಲಿ ಕೊಲರಾಡೊದಲ್ಲಿ ಅವರು ‘ವೈಟ್ ಬೈಸನ್’ ಸಂಸ್ಥೆ ಕಟ್ಟಿದರು. ಎಎಯ ಹನ್ನೆರಡು ಮೆಟ್ಟಿಲುಗಳು ಒಂದರ ಮೇಲೊಂದು ಏರುವಂಥವು. ಕಾಯ್ಹಿಸ್ ಅವನ್ನು ನಾಲ್ಕು ದಿಕ್ಕುಗಳನ್ನು ಸೂಚಿಸುವ ಪರಂಪರೆಯ ಸಂಕೇತವಾದ ಔಷಧಚಕ್ರದ ಸುತ್ತ ದುಂಡಗೆ ಜೋಡಿಸಿದರು. ವೃತ್ತಗಳನ್ನು ನಡೆಸಲು ತರಬೇತಿ ಪಡೆದ ಚೇತರಿಸಿಕೊಂಡವರಿಗೆ ‘ಬೆಂಕಿ ಹೊತ್ತಿಸುವವರು’ ಎಂಬ ಹೆಸರು. ಕಾಯ್ಹಿಸ್ ಪದೇ ಪದೇ ಹೇಳುತ್ತ ಬಂದ ಒಂದು ಪಾಠವಿದೆ: ರೋಗ ಹತ್ತಿದ ಕಾಡಿನಿಂದ ಒಂದು ಮರವನ್ನು ಕಿತ್ತು ತಂದು ಒಳ್ಳೆಯ ಮಣ್ಣಿನಲ್ಲಿ ನೆಟ್ಟು ಚೆನ್ನಾಗಿ ಮಾಡಿ, ಮತ್ತೆ ಅದೇ ಕಾಡಿಗೆ ನೆಟ್ಟರೆ ಅದು ಮತ್ತೆ ರೋಗ ಹಿಡಿಯುತ್ತದೆ. ಹಾಗಾಗಿ ಗುಣಪಡಿಸಬೇಕಾದದ್ದು ಕಾಡನ್ನೇ. ಇಪ್ಪತ್ತೆಂಟು ದಿನ ಆಸ್ಪತ್ರೆಯಲ್ಲಿದ್ದು ಊರಿಗೆ ಮರಳಿ ಒಂದೇ ವಾರದಲ್ಲಿ ಮತ್ತೆ ಕುಡಿಯತೊಡಗಿದವರನ್ನು ಕಂಡವರಿಗೆಲ್ಲ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಇಡೀ ಸಮುದಾಯವೇ ಗುಣವಾಗಬೇಕೆಂಬ ಈ ಮಾತಿಗೆ ಅಂಕಿಅಂಶದ ಬಲವೂ ಇದೆ. ಮನೋವಿಜ್ಞಾನಿಗಳಾದ ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟಫರ್ ಲಲೊಂಡ್ ಬ್ರಿಟಿಷ್ ಕೊಲಂಬಿಯದ ಸುಮಾರು 200 ಮೂಲನಿವಾಸಿ ಸಮುದಾಯಗಳಲ್ಲಿ 1987ರಿಂದ 1992ರವರೆಗಿನ ಯುವಜನರ ಆತ್ಮಹತ್ಯೆಗಳನ್ನು ಪರಿಶೀಲಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಇಡೀ ಪ್ರಾಂತ್ಯದ ಸರಾಸರಿ ನೋಡಿದರೆ ಮೂಲನಿವಾಸಿ ಯುವಜನರ ಆತ್ಮಹತ್ಯೆ ಪ್ರಮಾಣ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಆ ಸರಾಸರಿಯೇ ಕಣ್ಕಟ್ಟು. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಒಂದೂ ಆತ್ಮಹತ್ಯೆ ಇರಲಿಲ್ಲ. ಕೆಲವೇ ಸಮುದಾಯಗಳಲ್ಲಿ ಅದು ಭಯಾನಕವಾಗಿತ್ತು. ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿದಾಗ ಆರು ಸಂಗತಿಗಳು ಮುಂದೆ ಬಂದವು: ನೆಲದ ಹಕ್ಕಿಗಾಗಿ ಹೋರಾಟ, ಸ್ವಂತ ಆಡಳಿತ, ಶಾಲೆಯ ಮೇಲೆ ಹಿಡಿತ, ಆರೋಗ್ಯ ಸೇವೆಯ ಮೇಲೆ ಹಿಡಿತ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ, ಆಚರಣೆಗಳಿಗೊಂದು ಮನೆ. ಆರೂ ಇದ್ದ ಸಮುದಾಯಗಳಲ್ಲಿ ಆ ಅವಧಿಯ ಯುವಜನರ ಆತ್ಮಹತ್ಯೆ ಸೊನ್ನೆ. 2007ರಲ್ಲಿ ಡಾರ್ಸಿ ಹ್ಯಾಲೆಟ್ ಜೊತೆ ಸೇರಿ ಅವರು ಭಾಷೆಯನ್ನೂ ಪರಿಶೀಲಿಸಿದರು. ಅರ್ಧಕ್ಕಿಂತ ಹೆಚ್ಚು ಜನ ತಾಯ್ನುಡಿಯಲ್ಲಿ ಮಾತಾಡಬಲ್ಲ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ತೀರಾ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂದು ಕಂಡುಬಂತು. ಅಗ್ನಿಶಾಮಕ ದಳಕ್ಕೂ ಹದಿಹರೆಯದವರ ಪ್ರಾಣಕ್ಕೂ ಎಲ್ಲಿಯ ಸಂಬಂಧ ಎನಿಸಬಹುದು. ನಮ್ಮ ಊರಿಗೆ ನಾಳೆ ಎಂಬುದಿದೆ, ಅದನ್ನು ನಡೆಸುವವರು ನಾವೇ ಎಂಬ ನಂಬಿಕೆ ಇರುವೆಡೆ ಹುಡುಗ ಹುಡುಗಿಯರು ತಮ್ಮ ನಾಳೆಯನ್ನೂ ಊಹಿಸಿಕೊಳ್ಳಬಲ್ಲರು ಎಂಬುದು ಸಂಶೋಧಕರ ವಿವರಣೆ.

ಕೆನಡಾ ಸರ್ಕಾರ 1998ರಲ್ಲಿ 35 ಕೋಟಿ ಡಾಲರ್ ಕೊಟ್ಟು ಮೂಲನಿವಾಸಿಗಳದೇ ಆಡಳಿತದ ಚೇತರಿಕೆ ಪ್ರತಿಷ್ಠಾನವೊಂದನ್ನು ಸ್ಥಾಪಿಸಿತು. ಹಳ್ಳಿಹಳ್ಳಿಯ ಶಿಬಿರಗಳು, ಹಿರಿಯರ ಕೂಟಗಳು ಅದರ ನೆರವಿನಿಂದ ನಡೆದವು. ಹೊಸ ಅನುದಾನ ಬಾರದೆ 2014ರಲ್ಲಿ ಅದು ಮುಚ್ಚಿತು. ಮರುವರ್ಷವೇ, ವಸತಿಶಾಲೆಗಳ ಚರಿತ್ರೆಯನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗ ತನ್ನ 94 ಶಿಫಾರಸುಗಳ ಪೈಕಿ 22ನೆಯದರಲ್ಲಿ, ಮೂಲನಿವಾಸಿ ರೋಗಿಗಳು ಕೇಳಿದಾಗ ಅವರ ವೈದ್ಯಪರಂಪರೆಯನ್ನು ಹಿರಿಯರ ಜೊತೆಗೂಡಿ ಬಳಸಬೇಕೆಂದು ಹೇಳಿತು. ಒಂದು ಕೈ ಕಿತ್ತುಕೊಂಡದ್ದನ್ನು ಇನ್ನೊಂದು ಕೈ ಮತ್ತೆ ಬೇಡಬೇಕಾಯಿತು.

ನ್ಯೂಜಿಲೆಂಡಿನ ಹಾದಿ ಬೇರೆ. ಅಲ್ಲಿ ಬದಲಾವಣೆ ಮನೋವೈದ್ಯಶಾಸ್ತ್ರದ ಒಳಗಿನಿಂದಲೂ ಬಂತು. ಮಾವೊರಿ ಮನೋವೈದ್ಯ ಮೇಸನ್ ಡ್ಯೂರಿ 1980ರ ದಶಕದ ಆರಂಭದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಯ ಸಭಾಮನೆಯಾಗಿ ವಿವರಿಸಿದರು: ದೇಹ, ಮನಸ್ಸು, ಕುಟುಂಬ, ಆತ್ಮ. ಒಂದು ಗೋಡೆ ಕುಸಿದರೂ ಮನೆ ನಿಲ್ಲದು. ‘ತೆ ಫಾರೆ ತಪಾ ಫಾ’ ಎಂಬ ಈ ಮಾದರಿ ಈಗ ಅಲ್ಲಿನ ಶಾಲೆಗಳಿಂದ ಆಸ್ಪತ್ರೆಗಳವರೆಗೆ ಎಲ್ಲರಿಗೂ ಪರಿಚಿತ. ಅದೇ ದಶಕದಲ್ಲಿ ವೈಕಾಟೊ ಪ್ರದೇಶದ ಟೊಕಾನುಯಿ ಮಾನಸಿಕ ಆಸ್ಪತ್ರೆಯಲ್ಲಿ ಮಾವೊರಿ ಪದ್ಧತಿಯ ವಿಭಾಗ ಶುರುವಾಯಿತು.

ಇಂಥ ಸೇವೆಗಳಲ್ಲಿ ಮೊದಲ ಭೇಟಿ ಅರ್ಜಿ ತುಂಬಿಸುವುದರಿಂದ ಶುರುವಾಗುವುದಿಲ್ಲ. ಬಂದವರನ್ನು ಹಿರಿಯ ಮಹಿಳೆಯೊಬ್ಬರು ನೀಳ ಕೂಗಿನಿಂದ ಬರಮಾಡಿಕೊಳ್ಳುತ್ತಾರೆ, ಮಾತು ಹಾಡು ನಡೆಯುತ್ತವೆ, ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುತ್ತಾರೆ, ಆಮೇಲೆ ಚಹಾ ತಿಂಡಿ. ಪರಿಚಯವೆಂದರೆ ನನ್ನ ಬೆಟ್ಟ ಇಂಥದು, ನನ್ನ ನದಿ ಇಂಥದು, ನನ್ನ ಪೂರ್ವಜರು ಇಂಥ ದೋಣಿಯಲ್ಲಿ ಬಂದವರು ಎಂದು ಹೇಳುವುದು. ಕಾಯಿಲೆಯ ಹೆಸರು ಬರುವುದು ಬಹಳ ತಡವಾಗಿ. ವರ್ಷಗಟ್ಟಲೆ ತನ್ನನ್ನು ರೋಗದ ಹೆಸರಿನಿಂದಷ್ಟೇ ಗುರುತಿಸಿಕೊಂಡವರಿಗೆ ಈ ಕ್ರಮದಲ್ಲೇ ಅರ್ಧ ಔಷಧವಿದೆ.

ಸಮಾನಾನುಭವಿಗಳ ಚಳವಳಿಯೂ ಅಲ್ಲಿ ಗಟ್ಟಿಯಾಗಿ ಬೆಳೆಯಿತು. ಯೌವನದಲ್ಲಿ ಮಾನಸಿಕ ಆಸ್ಪತ್ರೆಯ ರೋಗಿಯಾಗಿದ್ದ ಮೇರಿ ಒ’ಹೇಗನ್ 1980ರ ದಶಕದಲ್ಲಿ ಆಕ್ಲೆಂಡಿನಲ್ಲಿ ರೋಗಿಗಳದೇ ಸಂಘಟನೆ ಕಟ್ಟಿ, 2000ದಲ್ಲಿ ದೇಶದ ಮಾನಸಿಕ ಆರೋಗ್ಯ ಆಯುಕ್ತರಲ್ಲಿ ಒಬ್ಬರಾದರು. ಅವರು ಮಾವೊರಿ ಅಲ್ಲ. ಆದರೂ ‘ನಮ್ಮ ಬಗ್ಗೆ ನಾವೇ ಹೇಳುತ್ತೇವೆ’ ಎಂಬ ಅವರ ಹಟವೂ ತಮ್ಮ ಚಿಕಿತ್ಸೆಯನ್ನು ತಾವೇ ರೂಪಿಸಿಕೊಳ್ಳಬೇಕೆಂಬ ಮಾವೊರಿಗಳ ಹಟವೂ ಒಂದೇ ಕಾಲದಲ್ಲಿ ಒಂದೇ ವ್ಯವಸ್ಥೆಯ ಬಾಗಿಲು ಬಡಿದವು. ಪೊರಿರುವಾ ನಗರದಲ್ಲಿ ಮಾವೊರಿ ವೈದ್ಯ ವಿರೆಮು ನಿಯಾನಿಯಾ ಮತ್ತು ಮಕ್ಕಳ ಮನೋವೈದ್ಯ ಅಲಿಸ್ಟರ್ ಬುಶ್ ಒಂದೇ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡಿದರು. ಇಲ್ಲದ ದನಿ ಕೇಳುವ ಹುಡುಗಿ ಎದುರಿಗೆ ಬಂದಾಗ ಒಬ್ಬರು ಪೂರ್ವಜರ ಬಗ್ಗೆ ಕೇಳುತ್ತಿದ್ದರು, ಇನ್ನೊಬ್ಬರು ಸೈಕೋಸಿಸ್‌ನ ಲಕ್ಷಣ ಹುಡುಕುತ್ತಿದ್ದರು. ಮುಂದೇನೆಂದು ಕುಟುಂಬದ ಜೊತೆ ಕೂತು ತೀರ್ಮಾನಿಸುತ್ತಿದ್ದರು. 2017ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದೊಂದು ಪ್ರಕರಣವನ್ನೂ ರೋಗಿ, ಮನೆಯವರು, ವೈದ್ಯರಿಬ್ಬರು ತಂತಮ್ಮ ದನಿಯಲ್ಲಿ ಹೇಳುತ್ತಾರೆ.

ಇಷ್ಟಾದರೂ ನ್ಯೂಜಿಲೆಂಡಿನ ಕಡ್ಡಾಯ ಚಿಕಿತ್ಸೆಯ ಆದೇಶಗಳಲ್ಲಿ, ಒಂಟಿಕೋಣೆಯ ಬಂಧನದಲ್ಲಿ ಮಾವೊರಿಗಳ ಪಾಲು ಜನಸಂಖ್ಯೆಗೆ ಹೋಲಿಸಿದರೆ ಇನ್ನೂ ಬಹಳ ಹೆಚ್ಚು. 2018ರಲ್ಲಿ ಸರ್ಕಾರಿ ವಿಚಾರಣಾ ಸಮಿತಿ 5,000ಕ್ಕೂ ಹೆಚ್ಚು ಅಹವಾಲು ಕೇಳಿ, ಮಾವೊರಿ ಪದ್ಧತಿಯ ಸೇವೆಗಳನ್ನೂ ಸಮಾನಾನುಭವಿಗಳ ಪಾತ್ರವನ್ನೂ ಹೆಚ್ಚಿಸಬೇಕೆಂದಿತು. 2022ರಲ್ಲಿ ಸ್ವತಂತ್ರ ಮಾವೊರಿ ಆರೋಗ್ಯ ಪ್ರಾಧಿಕಾರ ಬಂತು. ಸರ್ಕಾರ ಬದಲಾದ ಮೇಲೆ, 2024ರಲ್ಲಿ, ಅದನ್ನು ಮುಚ್ಚಲಾಯಿತು.

ಆಸ್ಟ್ರೇಲಿಯದ ನಡುಮರುಭೂಮಿಯಲ್ಲಿ ಮೂರು ಪ್ರಾಂತ್ಯಗಳು ಕೂಡುವ ಕಡೆ, ಮೂರೂವರೆ ಲಕ್ಷ ಚದರ ಕಿಲೋಮೀಟರ್ ಹರವಿನಲ್ಲಿ ಕೆಲಸ ಮಾಡುವ ಎನ್‌ಪಿವೈ ಮಹಿಳಾ ಮಂಡಳಿ ಅಲ್ಲಿನ ಹೆಂಗಸರೇ 1980ರಲ್ಲಿ ಕಟ್ಟಿದ ಸಂಸ್ಥೆ. ‘ಙಂಕರಿ’ ಎಂದು ಕರೆಯುವ ಪರಂಪರಾಗತ ವೈದ್ಯರನ್ನು ಅದು ಸಂಬಳ ಕೊಟ್ಟು ನೇಮಿಸಿಕೊಂಡಿದೆ. ಕಳಚಿದ ಅಥವಾ ಸ್ಥಾನ ತಪ್ಪಿದ ಚೈತನ್ಯವನ್ನು ಕೈಸ್ಪರ್ಶದಿಂದ ಮತ್ತೆ ನೆಲೆಗೊಳಿಸುವುದು ಇವರ ಕೆಲಸ. ಹಳ್ಳಿಗಳಿಗೆ, ಆಸ್ಪತ್ರೆಗಳಿಗೆ, ಜೈಲುಗಳಿಗೆ ಹೋಗುತ್ತಾರೆ. 2009ರಲ್ಲಿ ಆಸ್ಟ್ರೇಲಿಯ–ನ್ಯೂಜಿಲೆಂಡ್ ಮನೋವೈದ್ಯರ ವೃತ್ತಿಸಂಸ್ಥೆಯ ಪ್ರಶಸ್ತಿ ಅವರಿಗೆ ಬಂತು, 2011ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಹೆಸರಿನ ಪ್ರಶಸ್ತಿಯೂ ಸಂದಿತು. ಇದೇ ಮಂಡಳಿಯ ಇನ್ನೊಂದು ಕೆಲಸದಲ್ಲಿ ಹಿರಿಯರೂ ವೈದ್ಯರೂ ಜೊತೆಗೂಡಿ ಆಘಾತ, ಖಿನ್ನತೆ, ಆತಂಕದಂಥ ಸ್ಥಿತಿಗಳಿಗೆ ಪಿಜಂಜಜಾರ ಮುಂತಾದ ನುಡಿಗಳಲ್ಲಿರುವ ಮಾತುಗಳನ್ನು ಹೆಕ್ಕಿ, ಚಿತ್ರಪಟಗಳಾಗಿ ಅಚ್ಚುಹಾಕಿಸಿ ಹಂಚಿದರು. ನನಗೆ ಏನಾಗಿದೆ ಎಂದು ಹೇಳಿಕೊಳ್ಳಲು ಮಕ್ಕಳಿಗೆ ಮನೆಮಾತು ಸಿಕ್ಕಿತು.

ಜಿಂಬಾಬ್ವೆಯ ಉದಾಹರಣೆ ನಿಷೇಧಿತ ಆಚರಣೆಯೊಂದರಿಂದ ಬಂದದ್ದಲ್ಲ. ಆದರೂ ಅದನ್ನು ಇಲ್ಲೇ ಹೇಳಬೇಕು. ಕೋಟಿಗೂ ಹೆಚ್ಚು ಜನರ ಆ ದೇಶದಲ್ಲಿ ಬೆರಳೆಣಿಕೆಯ ಮನೋವೈದ್ಯರಿದ್ದರು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಮರದ ಬೆಂಚು ಹಾಕಿಸಿದರು. ಬಂದವರ ಕಾಯಿಲೆಗೆ ಅಜ್ಜಿಯರು ಖಿನ್ನತೆ ಎನ್ನಲಿಲ್ಲ. ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’, ಅಂದರೆ ಅತಿಯಾದ ಯೋಚನೆ, ಎಂದರು. 573 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಂಚಿಗೆ ಬಂದವರ ಸ್ಥಿತಿ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಉತ್ತಮಗೊಂಡಿತ್ತು. ಸಮಾನಾನುಭವಿಗಳ ಪಾತ್ರ ಬರುವುದು ಆಮೇಲೆ: ಬೆಂಚಿನಿಂದ ಎದ್ದವರು ತಮ್ಮದೇ ಕೂಟ ಸೇರಿ, ಹಳೆಯ ಪ್ಲಾಸ್ಟಿಕ್ ಪಟ್ಟಿಗಳಿಂದ ಚೀಲ ಹೆಣೆಯುತ್ತ ಕಷ್ಟಸುಖ ಮಾತಾಡುತ್ತಾರೆ. ಕೈಗೆ ಕೆಲಸ, ಮನೆಗೆ ನಾಲ್ಕು ಕಾಸು, ಮಾತಿಗೆ ಕಿವಿ.

ಆಕ್ಷೇಪಗಳೂ ಇವೆ, ಅವು ತಳ್ಳಿಹಾಕುವಂಥವಲ್ಲ. ಮೊಂಟಾನದ ಗ್ರೋ ವಾಂತ್ರ್ ಸಮುದಾಯದ ಮನೋವಿಜ್ಞಾನಿ ಜೋಸೆಫ್ ಗೋನ್, ಸಂಸ್ಕೃತಿಯೇ ಚಿಕಿತ್ಸೆ ಎಂಬ ಮಾತನ್ನು ಸಹಾನುಭೂತಿಯಿಂದಲೇ ಒರೆಗೆ ಹಚ್ಚುತ್ತ ಬಂದಿದ್ದಾರೆ. 2014ರಲ್ಲಿ ಕೆನಡಾ ಮತ್ತು ಅಮೆರಿಕದ ವ್ಯಸನ ಚಿಕಿತ್ಸೆಯ ಸಾಹಿತ್ಯವನ್ನೆಲ್ಲ ಜಾಲಾಡಿದವರಿಗೆ ಸಿಕ್ಕದ್ದು 19 ಅಧ್ಯಯನಗಳು ಮಾತ್ರ. ಫಲಿತಾಂಶ ಆಶಾದಾಯಕ, ಆದರೆ ಅಧ್ಯಯನಗಳು ಚಿಕ್ಕವು. ಪವಿತ್ರ ವಿಧಿಯನ್ನು ಕೊಡುವ–ಕೊಡದ ಎರಡು ಗುಂಪು ಮಾಡಿ ಅಳೆಯುವುದನ್ನು ಅನೇಕ ಹಿರಿಯರು ಒಪ್ಪುವುದೂ ಇಲ್ಲ. ಸಮುದಾಯದೊಳಗೂ ಒಮ್ಮತವಿಲ್ಲ. ಕ್ರೈಸ್ತರಾಗಿ ಪೀಳಿಗೆಗಳೇ ಕಳೆದ ಕಡೆ ಹಳೆಯ ಆಚರಣೆಗಳನ್ನು ಕಂಡು ಹೆದರುವವರಿದ್ದಾರೆ. ಕ್ವಿಬೆಕ್‌ನ ಊಜೆ-ಬುಗುಮು ಎಂಬ ಕ್ರೀ ಹಳ್ಳಿಯಲ್ಲಿ 2010ರ ಕೊನೆಗೆ ಬೆವರುಗುಡಿಸಲನ್ನು ನಿಷೇಧಿಸಿದ್ದು ಅಲ್ಲಿನ ಮೂಲನಿವಾಸಿಗಳದೇ ಆಡಳಿತ ಮಂಡಳಿ. ಇನ್ನು ಎಲ್ಲರೂ ನೆಂಟರೇ ಆಗಿರುವ ಊರಿನಲ್ಲಿ ವೃತ್ತದೊಳಗಿನ ಮಾತು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಸುಲಭವಲ್ಲ. ನೆರವಿಗೆ ನಿಂತವರ ಮನೆಯಲ್ಲೂ ಸಾವು, ಸಾಲ, ಮತ್ತೆ ಕುಡಿತಕ್ಕೆ ಬೀಳುವ ಭಯ ಇದ್ದೇ ಇರುತ್ತವೆ. ಬಹಳ ಕಡೆ ಅವರಿಗೆ ಸಿಗುವುದು ಗೌರವಧನ ಮಾತ್ರ. ಸ್ಕಿಜೋಫ್ರೀನಿಯದಂಥ ಕಾಯಿಲೆಗಳಲ್ಲಿ ಔಷಧಿಯ ಅಗತ್ಯವನ್ನು ಈ ಹಾದಿಯ ಅನೇಕರು ಅಲ್ಲಗಳೆದಿಲ್ಲ. ನಿಯಾನಿಯಾ ಮತ್ತು ಬುಶ್ ಒಟ್ಟಿಗೆ ಕೂತದ್ದು ಎರಡೂ ಬಗೆಯ ನೋಟ ಬೇಕೆಂದು.

ಭಾರತದಲ್ಲಿ ಇಂಥ ಪರಂಪರಾಗತ ಚೇತರಿಕೆಯ ಗಂಭೀರ ಅಳತೆಗಳಲ್ಲೊಂದು ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂತು. ಅಲ್ಲಿನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಮಾನಸಿಕ ರೋಗಿಗಳನ್ನು ಬಂದಾಗ ಮತ್ತು ಹೊರಡುವಾಗ ಪರೀಕ್ಷಿಸಿದರು. ರೋಗಿಗಳು ಮನೆಯವರೊಂದಿಗೆ ಅಲ್ಲಿ ವಾರಗಟ್ಟಲೆ ಇದ್ದು, ಬೆಳಗಿನ ಚಿಕ್ಕ ಪೂಜೆಯಲ್ಲಿ ಸೇರಿ, ಅಂಗಳ ಗುಡಿಸಿ, ಗಿಡಕ್ಕೆ ನೀರು ಹಾಕುತ್ತಿದ್ದರು. ಶುಲ್ಕವಿರಲಿಲ್ಲ, ಔಷಧಿಯಿರಲಿಲ್ಲ. ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು ಎಂದು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಬರೆದರು. ಯಾವುದೇ ವಿಶೇಷ ವಿಧಿಗಿಂತ ಆ ಆದರದ, ಭಯವಿಲ್ಲದ ವಾತಾವರಣವೇ ಇದಕ್ಕೆ ಕಾರಣವಿರಬೇಕೆಂಬುದು ಅವರ ತೀರ್ಮಾನ. ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸು ಖಾಸಗಿಯವರು ನಡೆಸುತ್ತಿದ್ದ ಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ 28 ಮಂದಿ ಓಡಲಾಗದೆ ಸುಟ್ಟು ಸತ್ತಿದ್ದರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಗಳಿಗೆ ಸರಪಳಿ ಬಿಗಿಯುವುದನ್ನು ಎಲ್ಲ ರೂಪದಲ್ಲೂ ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ‘ದವಾ ಮತ್ತು ದುವಾ’ ಹೆಸರಿನಲ್ಲಿ ಪ್ರಾರ್ಥನೆಯೂ ಮನೋವೈದ್ಯರ ಚಿಕಿತ್ಸೆಯೂ ಒಂದೇ ಆವರಣದಲ್ಲಿ ನಡೆಯುತ್ತಿವೆ. ಆ ರಾಜ್ಯದ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಚೇತರಿಸಿಕೊಂಡವರನ್ನೇ ಸಮಾನಾನುಭವಿ ಸ್ವಯಂಸೇವಕರಾಗಿ ತರಬೇತುಗೊಳಿಸಿವೆ.

ಕರ್ನಾಟಕದ ಹಳ್ಳಿಗಳಿಗೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಇವು ಆದಿವಾಸಿ ಪರಂಪರೆಯವಲ್ಲ. ಆದರೆ ಆಲ್ಕಲೈ ಲೇಕ್‌ನಲ್ಲಿ ಕಂಡ ಹಲವು ಅಂಶಗಳು ಇಲ್ಲೂ ಇವೆ. ಆಸ್ಪತ್ರೆಯ ಬದಲು ಊರಿನ ಸಭಾಭವನದಲ್ಲೋ ಕಲ್ಯಾಣಮಂಟಪದಲ್ಲೋ ಶಿಬಿರ ನಡೆಯುತ್ತದೆ. ಊರವರೇ ಸಮಿತಿ ಮಾಡಿಕೊಂಡು ಖರ್ಚು, ಊಟ ನೋಡಿಕೊಳ್ಳುತ್ತಾರೆ. ವೈದ್ಯರ ತಪಾಸಣೆ, ಆಪ್ತಸಮಾಲೋಚನೆ, ಯೋಗ, ಭಜನೆ ಒಂದೇ ದಿನಚರಿಯಲ್ಲಿ ಸೇರುತ್ತವೆ. ಹೆಂಡತಿ ಮಕ್ಕಳನ್ನು ಕರೆಸಿ ಕೂರಿಸುವ ದಿನವೂ ಇರುತ್ತದೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ಅವರು ಕಾಲಕಾಲಕ್ಕೆ ಕೂಡಿ ಭಜನೆ ಮಾಡಿ, ತಪ್ಪಿ ಕುಡಿದವರ ಮನೆಗೆ ಹೋಗಿ ಮತ್ತೆ ಕರೆತರುತ್ತಾರೆ. ಮುಂದಿನ ಶಿಬಿರ ಬೇರೆ ಊರಿನಲ್ಲಿ ನಡೆಯುವಾಗ ಅಲ್ಲಿ ಹೊಸಬರ ಎದುರು ನಿಂತು ತಮ್ಮ ಕತೆ ಹೇಳುತ್ತಾರೆ.